ಜೇಬಿನಲ್ಲಿದ್ದ ಗಾಜಿನ ಬಂಗಾರ

ನನ್ನ ದನಿಯನ್ನು ಯಾರೂ ನಂಬಬೇಕಾಗಿಲ್ಲ. ಅಣಕಿಸುವ ಚಟದಿಂದ ಅದು ದಿನಕ್ಕೆ ಹತ್ತು ಜನರದ್ದಾಗಿರುತ್ತದೆ. ಆದರೆ ಈ ಮಂಗಳವಾರದ ಕಥೆಯನ್ನು ನನ್ನ ಸ್ವಂತ ದನಿಯಲ್ಲೇ ಹೇಳುತ್ತಿದ್ದೇನೆ, ನಡೆದದ್ದು ನಡೆದ ಹಾಗೆ. ಇದರಲ್ಲಿ ಸುಳ್ಳು ಹೇಳಿದ್ದು ಬೇರೆಯವರು.

ಬೆಳಿಗ್ಗೆ ಹನ್ನೊಂದಕ್ಕೆ ಕ್ಯಾಂಟೀನಿನ ಪಾಂಡು ಚಹಾ ತಂದ. ಮೂರು ಲೋಟ ಟ್ರೇಯಲ್ಲಿದ್ದವು. ನಾಲ್ಕನೆಯದು ಅವನ ಎಡಗೈಯಲ್ಲಿ, ಬಟ್ಟೆ ಸುತ್ತಿಕೊಂಡು ಬೇರೆಯಾಗಿತ್ತು. ಅದನ್ನು ಬೆಂಚಿನ ತುದಿಯಲ್ಲಿಟ್ಟು ಹಿಂದೆ ಸರಿದು ನಿಂತ.

"ಲೋಟ ವಾಪಸ್ ಬೇಡ ಕಾಕಾ. ನೀವೇ ಇಟ್ಕೊಳ್ಳಿ."

ಘರತ್ ಕಾಕಾ ಲೋಟ ನೋಡಿದರು, ಮುಟ್ಟಲಿಲ್ಲ. ಬಲಗೈ ಮಾತ್ರ ಮತ್ತೆ ಅಂಗಿಯ ಎದೆಜೇಬಿನ ಮೇಲೆ ಹೋಯಿತು. ಬೆಳಗಿನಿಂದ ಅದು ಐದನೆಯ ಸಲ. ಒಳಗೆ ವಿಠೋಬನ ಪಟವಿರಬೇಕು ಅಂದುಕೊಂಡೆ. ಅವರದು ವರ್ಷವರ್ಷ ಪಂಢರಪುರಕ್ಕೆ ನಡೆದು ಹೋಗುವ ಮನೆತನ.

ಒಂದು ಗಂಟೆಯ ಹಿಂದೆ ಬ್ಯಾಡ್ಜು ಪರೀಕ್ಷಿಸುವ ವಿಭಾಗದಿಂದ ಫೋನು ಬಂದಿತ್ತು. ನಾವೆಲ್ಲ ಎದೆಗೆ ಸಿಕ್ಕಿಸಿಕೊಳ್ಳುವ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಆ ಬ್ಯಾಡ್ಜಿನಲ್ಲಿ ಒಂದು ತುಂಡು ಫಿಲ್ಮ್ ಇರುತ್ತದೆ. ವಿಕಿರಣ ತಾಗಿದಷ್ಟೂ ಅದು ಕಪ್ಪಾಗುತ್ತದೆ. ಶನಿವಾರ ಕಳಿಸಿದ ನಮ್ಮ ನಾಲ್ಕರಲ್ಲಿ ಮೂರು ತಿಳಿಯಾಗಿದ್ದವು. ನಾಲ್ಕನೆಯದು, ಸಖಾರಾಮ ಘರತ್ ಎಂಬ ಹೆಸರಿನದು, ಇದ್ದಲು.

ಆರುನೂರು ರ‍್ಯಾಡ್.

ವರ್ಷಕ್ಕೆ ಐದು ದಾಟಿದರೆ ಬೇರೆ ಕೆಲಸಕ್ಕೆ ಹಾಕುವ ಜಾಗ ನಮ್ಮದು. ಆರುನೂರು ಒಟ್ಟಿಗೆ ಮೈಮೇಲೆ ಬಿದ್ದರೆ, ಡಾಕ್ಟರರ ಪುಸ್ತಕದ ಪ್ರಕಾರ, ಮನುಷ್ಯ ಒಂದೆರಡು ವಾರ ಚೆನ್ನಾಗಿಯೇ ಇರುತ್ತಾನೆ. ಆಮೇಲೆ ಇರುವುದು ಕಷ್ಟ.

"ಸರಿ ಆಚೆ, ಪಾಂಡು" ಎಂದು ಬಾಗಿಲಿನಿಂದ ದನಿ ಬಂತು.

ಡಾಕ್ಟರ್ ಯಮುನಾ ಕರಂದೀಕರ್, ನಮ್ಮ ಕಿರಣ ರಸಾಯನ ವಿಭಾಗದ ಸುರಕ್ಷಾಧಿಕಾರಿ. ಇಡೀ ಸಂಸ್ಥೆಗೆ ಅವರು ಮರಾಠಿಯ ಬಾಯಿ, ಅಂದರೆ ಅಮ್ಮಾವ್ರು. ಹೆಸರಿಗೆ ಬಾಯಿಯಾದರೂ ಬಾಯಿ ತೆರೆಯುವುದು ಅಪರೂಪ. ಅವರ ಕೆಲಸವೆಲ್ಲ ಕಣ್ಣಿನದು. ಬಂದವರೇ ಬೆಂಚಿನ ತುದಿಯ ಲೋಟ ಎತ್ತಿ, ಒಂದು ಗುಟುಕು ಕುಡಿದು, ಕಾಕಾರ ಕೈಗೆ ಕೊಟ್ಟರು.

"ಗ್ಯಾಮಾ ಕಿರಣ ಬಿಸಿಲಿದ್ದ ಹಾಗೆ. ಬಿಸಿಲಲ್ಲಿ ನಿಂತು ಬಂದವರ ಮೈಯಿಂದ ನಿನಗೆ ಬಿಸಿಲು ಅಂಟುತ್ತೇನೋ?"

"ಅಂಟಲ್ಲ ಬಾಯಿ" ಎಂದ ಪಾಂಡು. ಹಾಗೆನ್ನುತ್ತಲೇ ಇನ್ನೆರಡು ಹೆಜ್ಜೆ ಹಿಂದೆ ಹೋದ.

ಕಾಕಾ ಚಹಾ ಕುಡಿದರು. ಇಪ್ಪತ್ತೆಂಟು ವರ್ಷ ಕೋಬಾಲ್ಟ್ ಕೋಣೆಯ ಬೀಗ ಕಾದವರು ಅವರು.

"ಬಾಯಿ, ಒಂದೇ ಒಂದು ಕೇಳ್ತೀನಿ. ತುಳಸಿ ಲಗ್ನ ಆದ್ಮೇಲೆ ನಮ್ಮ ಕುಂದಾಳ ಮದುವೆ. ಇವತ್ತಿಗೆ ಸರಿಯಾಗಿ ಐದು ವಾರ. ಅಲ್ಲೀವರೆಗೆ ಇರ್ತೀನಾ?"

"ನಾಲ್ಕು ಗಂಟೆಗೆ ಹೇಳ್ತೀನಿ."

"ಡಾಕ್ಟರು ರಕ್ತ ನೋಡಿ ನಾಲ್ಕೂವರೆಗೆ ಹೇಳ್ತೀವಿ ಅಂದ್ರು."

"ನಾನು ಅವರಿಗಿಂತ ಮುಂಚೆ ಹೇಳ್ತೀನಿ. ಗುರುವಾರ ಸಂಜೆ ಮೈ ಹೇಗಿತ್ತು?"

ಕಾಕಾ ನನ್ನನ್ನು ನೋಡಿ, ಆಮೇಲೆ ನೆಲ ನೋಡಿದರು. "ವಾಂತಿ ಆಯ್ತು. ಎರಡು ಸಲ. ನಮ್ಮವಳ ಶ್ರೀಖಂಡ ಹೆಚ್ಚಾಯ್ತು ಅಂದ್ಕೊಂಡೆ."

ಬರೆಯುತ್ತಿದ್ದ ಬಾಯಿಯ ಪೆನ್ನು ನಿಂತಿತು. ಮೊದಲ ದಿನದ ವಾಂತಿ ಯಾವುದರ ಗುರುತು ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪಾಂಡುವಿಗೂ.

"ಗುರುವಾರ ಕೋಬಾಲ್ಟ್ ಕೋಣೆಯೊಳಗೆ ಹೋಗಿದ್ರಾ?"

"ಮೂರರ ಸುಮಾರಿಗೆ. ಖಂಡೇನವಮಿ, ಆಯುಧ ಪೂಜೆ ಅಲ್ವಾ, ಎತ್ತುವ ಯಂತ್ರಕ್ಕೆ ಮಾಲೆ ಹಾಕಿ ಬಂದೆ. ಬಾಗಿಲು ತೆರೆದೇ ಇತ್ತು. ತೆರೆದಿದ್ರೆ ಸೋರ್ಸ್ ಮೇಲೆ ಏಳಲ್ಲ, ಅದು ನಿಮಗೂ ಗೊತ್ತು. ನನಗೇನೂ ಅನ್ನಿಸ್ಲಿಲ್ಲ ಬಾಯಿ. ಚೂರೂ ಅನ್ನಿಸ್ಲಿಲ್ಲ."

ಭಯ ಇರುವುದೇ ಅಲ್ಲಿ. ಏನೂ ಅನ್ನಿಸುವುದಿಲ್ಲ.

ದವಾಖಾನೆಯ ವ್ಯಾನು ಬಂತು. ಬಿಳಿ ಕೋಟು ಇಲ್ಲೇ ಬಿಟ್ಟು ಬನ್ನಿ ಎಂದು ಜೊತೆಗೆ ಬಂದವನು ದೂರದಿಂದಲೇ ಕೂಗಿದ. ಕಾಕಾ ಕೋಟು ಕಳಚಿ ಗೂಟಕ್ಕೆ ನೇತುಹಾಕಿ, ಎದೆಜೇಬಿನ ಮೇಲೆ ಕೈಯಿಟ್ಟುಕೊಂಡೇ ವ್ಯಾನು ಹತ್ತಿದರು.

*

ಕೋಬಾಲ್ಟ್ ಕೋಣೆಯ ಗೋಡೆ ಆಳುದ್ದ ದಪ್ಪ. ನಡುವೆ ಬಾವಿ. ಕೋಬಾಲ್ಟಿನ ಸರಳುಗಳು, ನಾವು ಸೋರ್ಸ್ ಅನ್ನುವುದು ಅವನ್ನೇ, ಬಾವಿಯ ತಳದಲ್ಲಿ ನೀರನ್ನೆಲ್ಲ ನೀಲಿಯಾಗಿಸಿಕೊಂಡು ಮಲಗಿರುತ್ತವೆ. ಹೊರಗಿನ ಹಲಗೆಯಲ್ಲಿ ಕೀಲಿ ತಿರುಗಿಸಿದರೆ ಹಗ್ಗ ಎಳೆದುಕೊಳ್ಳುತ್ತದೆ, ಸರಳುಗಳು ಒಂದು ಉಕ್ಕಿನ ಕೊಳವೆಯೊಳಗೆ ಮೇಲೇರುತ್ತವೆ, ಕೋಣೆಯಲ್ಲೆಲ್ಲ ಕಿರಣ ತುಂಬುತ್ತದೆ. ಒಳಗೆ ನಿಂತವನಿಗೆ ಕಾಣುವುದು ಬರೀ ಕೊಳವೆ. ಏರುವ ಮುನ್ನ ಸೈರನ್ ಕೂಗಬೇಕು. ನಮ್ಮ ಸೈರನ್ನಿಗೆ ಹೋದ ತಿಂಗಳಿಂದ ಗಂಟಲು ಕಟ್ಟಿತ್ತು. ರಿಪೇರಿ ಚೀಟಿ ಬರೆದು ಕಳಿಸಿದವನು ನಾನೇ.

ಸೈರನ್ ಹೋದರೂ ಬಾಗಿಲಿತ್ತು. ಚೌಕಟ್ಟಿನಲ್ಲಿ ಕರೆಗಂಟೆಯಂಥ ಒಂದು ಗುಂಡಿ. ಬಾಗಿಲು ಮುಚ್ಚಿದಾಗ ಅದು ಒಳಗೆ ಒತ್ತಿಕೊಳ್ಳುತ್ತದೆ. ಒತ್ತಿಕೊಳ್ಳದೆ ಕೀಲಿ ತಿರುಗಿಸಿದರೆ ಯಂತ್ರ ಕದಲುವುದಿಲ್ಲ.

ಬಾಯಿ ಆ ಗುಂಡಿಯ ಮುಂದೆ ಮೂಗು ತಾಗುವಷ್ಟು ಬಾಗಿ ನಿಂತರು.

"ಹೇರಂಬ, ಚಿಮುಟ ಕೊಡು."

ಗುಂಡಿಯ ಸುತ್ತ ಸಿಕ್ಕಿಕೊಂಡಿದ್ದ ದಾರದ ತುಂಡೊಂದು ಚಿಮುಟದಲ್ಲಿ ಬಂತು. ಬೆರಳುದ್ದದ ಹೂಕಟ್ಟುವ ದಾರ. ತುದಿಯಲ್ಲಿ ಚೆಂಡುಹೂವಿನ ಒಂದೇ ಎಸಳು, ಒಣಗಿ ಕಂದಾಗಿತ್ತು.

"ತೋರಣ ಕಟ್ಟಿದ್ದು ಯಾರು?"

"ಕಾಕಾ. ಆದ್ರೆ ಬಾಗಿಲ ಮೇಲೆ ಕಟ್ಟಿದ್ರು. ಇಲ್ಲಲ್ಲ."

"ಇಲ್ಲಿ ಬಿಗಿಯಾಗಿ ನಾಲ್ಕು ಸುತ್ತು ಸುತ್ತಿದರೆ ಏನಾಗುತ್ತೆ?"

ಗುಂಡಿ ಒತ್ತಿಕೊಂಡೇ ಇರುತ್ತದೆ. ಬಾಗಿಲು ಹಾರುಹೊಡೆದಿದ್ದರೂ ಯಂತ್ರ ಅದನ್ನು ಮುಚ್ಚಿದೆ ಎಂದೇ ನಂಬುತ್ತದೆ.

ಬಾಯಿ ದಾರವನ್ನು ಲಕೋಟೆಗೆ ಹಾಕಿ, ಹಲಗೆಯ ಪಕ್ಕದ ದಾಖಲೆ ಪುಸ್ತಕ ತಿರುವಿದರು. ಗುರುವಾರ ಒಂದೇ ಸಾಲು. ಮೂರು ಹತ್ತರಿಂದ ಮೂರು ಐವತ್ತು, ನಿ. ವಾಗ್ಳೆ: ನಮ್ಮ ವಿಭಾಗದ ಇನ್ನೊಬ್ಬ ವಿಜ್ಞಾನಿ.

"ಕೀಲಿ ಕಾಕಾರ ಸೊಂಟದಲ್ಲಿರುತ್ತಲ್ಲ?"

"ಗುರುವಾರ ತಟ್ಟೆಯಲ್ಲಿತ್ತು ಬಾಯಿ. ಪೂಜೆಗೆ."

ಪ್ರತಿವರ್ಷ ಹಾಗೆಯೇ. ತಕ್ಕಡಿಗೆ, ಪಂಪಿಗೆ, ನನ್ನ ಗಾಜೂದುವ ಬರ್ನರಿಗೆ ಒಂದೊಂದು ಹೂ. ಕೈಗೆ ಸಿಗುವ ಸಣ್ಣ ಸಾಮಾನೆಲ್ಲ ಒಂದೇ ತಟ್ಟೆಗೆ: ಕೀಲಿಗಳು, ಸ್ಕ್ರೂಡ್ರೈವರು, ನಮ್ಮ ನಾಲ್ಕು ಜನರ ಬ್ಯಾಡ್ಜು. ಅರಿಶಿನ ಕುಂಕುಮ ಬಿದ್ದ ಮೇಲೆ ಅವರವರದು ಅವರವರು ಎತ್ತಿಕೊಳ್ಳುವುದು. ಆಯುಧ ಪೂಜೆಯ ದಿನ ಆಯುಷ್ಯದ ಲೆಕ್ಕ ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಮೂರಕ್ಕೆ ನೀನೆಲ್ಲಿದ್ದೆ?"

"ನಾನು ಎರಡೂವರೆಗೇ ಬಂಗಾರ ಹಂಚಿ ಮನೆಗೆ ಹೊರಟೆ. ನಿಮಗೂ ಕೊಟ್ಟಿದ್ನಲ್ಲ."

ಬಾಯಿ ತಲೆಯೆತ್ತಿದರು. "ಆ ಗಾಜಿನದು?"

ದಸರೆಗೆ ಬನ್ನಿಯ ಬದಲು ಆಪಟೆ ಮರದ ಎಲೆ ಕೊಟ್ಟು, ಬಂಗಾರ ತಗೊಂಡು ಬಂಗಾರದ ಹಾಗಿರು ಅನ್ನುವುದು ನಮ್ಮಲ್ಲಿ ರೂಢಿ. ಮರುದಿನ ರಜೆಯಾದ್ದರಿಂದ ಆಫೀಸಿನಲ್ಲಿ ಹಿಂದಿನ ದಿನವೇ ಮುಗಿಸುತ್ತೇವೆ. ಗಾಜೂದುವವನು ಎಲೆ ಕೊಟ್ಟರೆ ಏನು ಚಂದ ಎಂದು ಈ ಸಲ ನಾನು ಬೆರಳುದ್ದದ ನಾಲ್ಕು ಗಾಜಿನ ಕೊಳವೆ ಮಾಡಿ, ಒಳಗೆ ದ್ರವ ತುಂಬಿ, ಬಾಯಿ ಬೆಸೆದು, ಕುತ್ತಿಗೆಗೆ ಜರಿದಾರದಲ್ಲಿ ಒಂದೊಂದು ಎಲೆ ಕಟ್ಟಿದ್ದೆ. ವಜ್ರದ ಮೊಳೆಯಿಂದ ಹೆಸರಿನ ಮೊದಲ ಅಕ್ಷರಗಳನ್ನೂ ಕೆತ್ತಿದ್ದೆ. ಗಾಜಿಗೆ ಬಿದ್ದ ಹೆಸರು ಅಳಿಸುವುದಿಲ್ಲವೆಂಬ ಹೆಮ್ಮೆ ನನಗೆ.

"ಒಳಗೆ ಏನು ತುಂಬಿದ್ದೆ?"

"ವಾಗ್ಳೆ ಸಾಹೇಬರದ್ದು ಮಿಕ್ಕಿತ್ತು. ಮೂರು ಸಲ ಬಟ್ಟಿಯಿಳಿಸಿದ ನೀರು, ಅದರಲ್ಲಿ ಫಿನೈಲ್ ಅಲನೀನು. ನೀವು ಬೈಯ್ತೀರಿ ಅಂತ ಹೇಳಿರಲಿಲ್ಲ."

ಬಾಯಿ ಬೈಯಲಿಲ್ಲ. ಕೈಚೀಲ ತೆರೆದು ತಮ್ಮ ಗಾಜಿನ ಕೊಳವೆ ತೆಗೆದು ಬೆಳಕಿಗೆ ಹಿಡಿದರು.

"ಕಾಕಾ ಇದನ್ನ ಎಲ್ಲಿಟ್ಟುಕೊಂಡ್ರು?"

"ಜೇಬಿಗೆ ಹಾಕ್ಕೊಂಡ್ರು. ಬ್ಯಾಡ್ಜಿನ ಹಿಂದೇನೇ."

"ಹೇರಂಬ, ನೀನು ಬುದ್ಧಿವಂತ. ಆಕಸ್ಮಿಕವಾಗಿ."

*

ಡಾಕ್ಟರ್ ನಿರಂಜನ ವಾಗ್ಳೆ ಗ್ರಂಥಾಲಯದಲ್ಲಿದ್ದರು. ಬಾಯಿ ಎರಡು ಸಲ ಹೇಳಿ ಕಳಿಸಿದರೂ, ಬರ್ತೀನಿ ಅಂದರೇ ಹೊರತು ಬರಲಿಲ್ಲ. ಈ ವಾಗ್ಳೆ ಸಾಹೇಬರ ಪ್ರಬಂಧ ಶನಿವಾರದೊಳಗೆ ವಿಯೆನ್ನಾಕ್ಕೆ ಹೋಗಬೇಕಿತ್ತು. ಹಬ್ಬ ಬಂದು ತಮ್ಮ ಪ್ರಯೋಗ ನಿಲ್ಲುತ್ತದೆಂದು ವಾರವಿಡೀ ಕಾಕಾರ ಜೊತೆ ಜಗಳವಾಡಿದ್ದರು.

"ನಿನ್ನ ಡೈರೆಕ್ಟರ್ ದನಿ ಚೆನ್ನಾಗಿದೆಯಂತಲ್ಲ" ಎಂದರು ಬಾಯಿ.

ನನಗೆ ಬೆವರು ಬಂತು. "ಯಾರು ಹೇಳಿದ್ದು?"

"ಡೈರೆಕ್ಟರ್."

ಫೋನು ಎತ್ತಿದೆ. ಡೈರೆಕ್ಟರ್ ಸಬ್ನೀಸ್ ಸಾಹೇಬರ ಹಾಗೆ ಮೊದಲು ಗಂಟಲಲ್ಲಿ ಕಲ್ಲು ಉರುಳಿಸಿ, ಪ್ರತಿ ಮಾತಿನ ಬಾಲಕ್ಕೂ ಒಂದು ಏನಂತೀರಿ ಕಟ್ಟಿ, "ವಾಗ್ಳೆ, ಕೋಬಾಲ್ಟ್ ಹಾಲಿಗೆ ಬನ್ನಿ, ಈಗಲೇ, ಏನಂತೀರಿ" ಎಂದೆ. ಮೂರು ನಿಮಿಷದಲ್ಲಿ ವಾಗ್ಳೆ ಬಂದರು, ಕಾಲರಿನ ಗುಂಡಿ ಹಾಕಿಕೊಳ್ಳುತ್ತ. ನನ್ನನ್ನು ನೋಡಿದ ಕೂಡಲೇ ಅರ್ಥವಾಯಿತು.

"ಇವತ್ತೂ ನಿನಗೆ ಆಟವೇನೋ?"

"ಆಟ ಅಲ್ಲ" ಎಂದರು ಬಾಯಿ. "ಹೇರಂಬ ಕೊಟ್ಟ ಗಾಜಿನ ಬಂಗಾರ ನಾಲ್ಕೂ ಬೇಕು. ನನ್ನದಿದೆ, ಇವನದಿದೆ. ನಿಮ್ಮದು?"

ವಾಗ್ಳೆ ಕನ್ನಡಕ ತೆಗೆದು ಒರೆಸಿದರು. ಫಿನೈಲ್ ಅಲನೀನಿನ ಮೇಲೆ ಆರು ವರ್ಷ ಕೆಲಸ ಮಾಡಿದವರು. ಯಾಕೆ ಬೇಕೆಂದು ಕೇಳಲಿಲ್ಲ.

"ನನ್ನದು ಅವತ್ತೇ ಕೈಜಾರಿ ಒಡೀತು. ಗುಡಿಸಿ ಬಿಸಾಕಿದೆ. ಘರತ್‌ದು ಕೋಟಿನಲ್ಲಿರಬೇಕು, ತರ್ತೀನಿ."

ಐದು ನಿಮಿಷ ಬಿಟ್ಟು ಬಂದರು. ಅಂಗೈಯಲ್ಲಿ ಗಾಜಿನ ಕೊಳವೆಯಿತ್ತು, ಮೈಮೇಲೆ ನಾನೇ ಕೆತ್ತಿದ ಅಕ್ಷರಗಳು: ಸ. ಘ.

ಆಮೇಲೆ ನೀರು ಕುಡಿಯಲು ಹೋದಾಗ ಗೂಟದ ಕಡೆ ಕಣ್ಣು ಹೋಯಿತು. ಕಾಕಾರ ಕೋಟಿನ ಮೂರೂ ಜೇಬುಗಳು ಒಳಗಿನದು ಹೊರಗಾಗಿ, ದಣಿದ ನಾಯಿಯ ನಾಲಿಗೆಯ ಹಾಗೆ ಜೋತುಬಿದ್ದಿದ್ದವು. ಒಂದು ಕೊಳವೆ ತೆಗೆಯಲು ಮೂರು ಜೇಬು ಯಾಕೆ ಎಂದು ಆಗ ನಾನು ಕೇಳಿಕೊಳ್ಳಲಿಲ್ಲ. ಈಗ ದಿನಾ ಕೇಳಿಕೊಳ್ಳುತ್ತೇನೆ.

*

ಈ ವಿದ್ಯೆಯ ಒಳಗುಟ್ಟು ಸರಳ. ಕಿರಣ ನೀರಿಗೆ ಹೊಕ್ಕಾಗ ಏಟು ತಿನ್ನುವುದು ಅದರಲ್ಲಿ ಕರಗಿದ ಅಮೈನೊ ಆಮ್ಲವಲ್ಲ, ಮೊದಲು ನೀರೇ. ನೀರಿನ ಕಣ ಎರಡು ಚೂರಾಗುತ್ತದೆ. ಅದರಲ್ಲೊಂದು ಚೂರಿಗೆ ಎಲೆಕ್ಟ್ರಾನಿನ ಜೋಡಿ ತಪ್ಪಿರುತ್ತದೆ, ರ‍್ಯಾಡಿಕಲ್ ಅನ್ನುತ್ತೇವೆ. ಅದರ ಆಯುಷ್ಯ ಕಣ್ಣೆವೆ ಬಡಿಯುವುದರ ಸಾವಿರದಲ್ಲೊಂದು ಪಾಲೂ ಅಲ್ಲ. ಅಷ್ಟರಲ್ಲೇ ಹೆಣ್ಣು ಸಿಗದ ವರನ ಹಾಗೆ ಎದುರಿಗೆ ಸಿಕ್ಕವರ ಕೈ ಹಿಡಿದುಬಿಡುತ್ತದೆ. ಹಿಡಿಸಿಕೊಂಡ ಆಮ್ಲ ಮೊದಲಿನ ಆಮ್ಲವಾಗಿ ಉಳಿಯುವುದಿಲ್ಲ.

ಫಿನೈಲ್ ಅಲನೀನು ಅಂಥದೊಂದು ಆಮ್ಲ, ಅದಕ್ಕೆ ಆರು ಮೂಲೆಯ ಒಂದು ಬಳೆಯಿದೆ. ನಮ್ಮ ಮೈ ಅದನ್ನು ಟೈರೊಸಿನ್ ಎಂಬ ಇನ್ನೊಂದು ಆಮ್ಲ ಮಾಡುವಾಗ ತುದಿಯ ಮೂಲೆಯೊಂದಕ್ಕೇ ಕೈ ಹಾಕುತ್ತದೆ, ವಿಳಾಸ ನೋಡಿ ಕಾಗದ ಹಾಕುವ ಅಂಚೆಯವನಂತೆ. ರ‍್ಯಾಡಿಕಲ್ ಹಾಗಲ್ಲ. ಕುಡಿದವನಂತೆ ಸಿಕ್ಕ ಬಾಗಿಲು ಬಡಿಯುತ್ತದೆ. ಅದಕ್ಕೇ ಮೂರು ಬಗೆಯ ಟೈರೊಸಿನ್ ಆಗುತ್ತದೆ: ಪ್ಯಾರಾ, ಮೆಟಾ, ಆರ್ಥೊ. ಬೆಸೆದ ಗಾಜಿನೊಳಗೆ ಮೆಟಾ, ಆರ್ಥೊ ಕಂಡವೆಂದರೆ ಅಲ್ಲಿ ಕಿರಣ ಹಾದುಹೋಗಿದೆ. ಎಷ್ಟು ಕಂಡವೋ ಅಷ್ಟು ಹಾದುಹೋಗಿದೆ.

ಕಾಕಾರ ಜೇಬಿನ ಹಿಂದೆ, ಒಂದು ಬಟ್ಟೆಯ ಆಚೆ, ಕಾಕಾರ ಎದೆ. ಅದರಲ್ಲೂ ಹೆಚ್ಚಿನ ಪಾಲು ನೀರು. ತೇಲುತ್ತಿರುವುದೂ ಇಂಥವೇ ಆಮ್ಲಗಳು, ಸರಸರವಾಗಿ ಪೋಣಿಸಿದವು. ಕೊಳವೆಯಲ್ಲಿ ಆದದ್ದು ಎದೆಯಲ್ಲೂ ಆಗಿರುತ್ತದೆ.

ಬಾಯಿ ಮೊದಲು ಹೊಸ ಕೊಳವೆಯೊಂದಕ್ಕೆ ಬೇಕೆಂದೇ ಆರುನೂರು ರ‍್ಯಾಡ್ ಕೊಟ್ಟು, ಒಂದು ತೊಟ್ಟನ್ನು ಬೇರ್ಪಡಿಸುವ ಯಂತ್ರಕ್ಕೆ ಚುಚ್ಚಿದರು. ಉಕ್ಕಿನ ಕಾಲಮ್ಮಿನಿಂದ ಒಂದೊಂದಾಗಿ ಹೊರಬಂದಂತೆ ಕಾಗದದ ಮೇಲೆ ಪೆನ್ನು ಏರಿಳಿಯುತ್ತದೆ. ಐದನೆಯ ನಿಮಿಷಕ್ಕೆ ಒಂದು ಗುಡ್ಡ, ಪ್ಯಾರಾ.  ಏಳಕ್ಕೆ ಇನ್ನೊಂದು, ಮೆಟಾ. ಹತ್ತಕ್ಕೆ ಮೂರನೆಯದು, ಆರ್ಥೊ. ಸಾವಿನ ಚಿತ್ರ ಹೀಗಿರುತ್ತದೆ ಎಂದು ತಿಳಿಯಿತು: ಮೂರು ಗುಡ್ಡ.

ಆಮೇಲೆ ಬಾಯಿಯದ್ದು. ಐದಕ್ಕೆ ಸಣ್ಣ ಇರುವೆಗೂಡು, ಅದು ಪುಡಿಯಲ್ಲೇ ಇರುವ ಕಲ್ಮಶ. ಏಳು, ಹತ್ತು, ಬಯಲು. ನನ್ನದೂ ಹಾಗೇ. ನಾನು ಬದುಕುತ್ತೇನೆಂದು ಗೊತ್ತಾಗಿ ನಾಚಿಕೆಯಾಯಿತು.

ಮೂರೂಮುಕ್ಕಾಲಿಗೆ ಸ. ಘ. ಕೊಳವೆಯ ಕುತ್ತಿಗೆ ಮುರಿದೆ. ಸೂಜಿಯಲ್ಲಿ ಎಳೆಯುವಾಗ ಕೈ ಜಾರೀತೆಂದು ಬಾಯಿ ತಾವೇ ತೆಗೆದುಕೊಂಡರು.

ವಾಗ್ಳೆ ಗೋಡೆಗೊರಗಿ ನಿಂತಿದ್ದರು. ಪೆನ್ನು ಕಾಗದ ಕೆರೆಯುವ ಸದ್ದೊಂದೇ.

ಐದು. ಇರುವೆಗೂಡು.

ಆರು. ಪೆನ್ನು ಸಣ್ಣಗೆ ಅದುರಿತು. ಅದುರಿದ್ದು ಪಕ್ಕದ ಹಾಲಿನ ಪಂಪು ಶುರುವಾಗಿದ್ದಕ್ಕೆ.

ಏಳು. ಪೆನ್ನು ಮಲಗಿಕೊಂಡೇ ಹೋಯಿತು.

ಎಂಟು. ಒಂಬತ್ತು. ಬಾಯಿಯ ತುಟಿ ಎಣಿಸುತ್ತಿತ್ತು.

ಹತ್ತು. ಬಯಲು. ಹನ್ನೆರಡರವರೆಗೂ ಬಯಲು.

"ಏನೂ ಇಲ್ಲ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಬಾಯಿ, ಏನೂ ಇಲ್ಲ."

ಬಾಯಿ ಕಾಗದ ಹರಿದು ಮೇಜಿನ ಮೇಲೆ ಹರಡಿ, ವಾಗ್ಳೆಯತ್ತ ತಿರುಗಿದರು.

"ಈ ಕೊಳವೆಗೆ ಕಿರಣ ತಾಗಿಲ್ಲ. ಬ್ಯಾಡ್ಜಿಗೆ ತಾಗಿದೆ. ಹಾಗಾದ್ರೆ ಬ್ಯಾಡ್ಜು ಕಾಕಾರ ಎದೆ ಬಿಟ್ಟು ಒಂಟಿಯಾಗಿ ಎಲ್ಲೋ ಹೋಗಿ ಬಂದಿದೆ. ಎಲ್ಲಿಗೆ, ವಾಗ್ಳೆ?"

"ನನ್ನ ಯಾಕೆ ಕೇಳ್ತೀರಿ?"

"ಕೀಲಿ ತಟ್ಟೆಯಿಂದ ಎತ್ತಿದ್ದು ನೀವು. ತಟ್ಟೆಯಲ್ಲಿ ಬ್ಯಾಡ್ಜೂ ಇತ್ತು."

"ಕೀಲಿ ಎತ್ತಿದವರೆಲ್ಲ ಬ್ಯಾಡ್ಜ್ ಎತ್ತುತ್ತಾರಾ?"

"ಬಾಗಿಲಿನ ಗುಂಡಿಗೆ ದಾರ ಸುತ್ತಿದ್ದು ಯಾರು?" ಬಾಯಿ ಲಕೋಟೆ ಕೊಡವಿದರು. ಒಣ ಎಸಳು ಮೇಜಿನ ಮೇಲೆ ಬಿತ್ತು.

ವಾಗ್ಳೆ ಎಸಳನ್ನೇ ನೋಡಿದರು. ಮುಖದ ಬಣ್ಣ ಇಳಿಯುವುದನ್ನು ನಾನು ಕಂಡೆ. ಆಮೇಲೆ, ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆ ಕಣ್ಣಿಗೆ ಬಿದ್ದವನ ಹಾಗೆ, ಅವರು ಉಸಿರು ಬಿಟ್ಟರು.

"ಆಯ್ತು. ಹೇಳಿಬಿಡ್ತೀನಿ. ನಾನೇ ಮಾಡಿದ್ದು. ತಟ್ಟೆಯಿಂದ ಘರತ್ ಬ್ಯಾಡ್ಜ್ ಎತ್ತಿ, ಪಕ್ಕದ ಹಾಲಿನ ಸಣ್ಣ ಗ್ಯಾಮಾ ಪೆಟ್ಟಿಗೆಯಲ್ಲಿ ಐದು ಸೆಕೆಂಡು ಇಳಿಸಿ ವಾಪಸ್ ಇಟ್ಟೆ. ತಮಾಷೆಗೆ."

"ತಮಾಷೆಗೆ."

"ದಿನಾ ನನ್ನ ಹೆಸರು ತಡವಾಗಿ ಬಂದವರ ಪಟ್ಟಿಯಲ್ಲಿ ಬರೀತಾರೆ. ಹಬ್ಬದ ದಿನ ಒಂದು ಗಂಟೆ ಸೋರ್ಸ್ ಕೊಡಿ ಅಂದ್ರೆ, ದೇವರಿಗೂ ರಜೆ ಬೇಕು ಅಂದ್ರು. ಒಂದು ದಿನ ಹೆದರಲಿ ಅಂತ ಮಾಡಿದೆ. ರಕ್ತದ ರಿಪೋರ್ಟ್ ಬಂದಮೇಲೆ ಎಲ್ಲ ತಿಳಿಯಾಗುತ್ತೆ ಅಂದ್ಕೊಂಡೆ. ತಪ್ಪಾಯ್ತು. ಏನು ಶಿಕ್ಷೆ ಕೊಡ್ತೀರೋ ಕೊಡಿ."

"ಮತ್ತೆ ದಾರ?"

"ಹಬ್ಬ ಅಲ್ವಾ ಬಾಯಿ. ಯಾರೋ ಭಕ್ತರು ಗುಂಡಿಗೂ ಹೂ ಏರಿಸಿರ್ತಾರೆ."

ಅವರ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅದೇ ಹೊತ್ತಿಗೆ ಅವರ ಕಾಲು ಮುಟ್ಟಬೇಕೆಂದೂ ಅನ್ನಿಸಿತು, ಕಾಕಾ ಬದುಕಿದ್ದರು. ಬಾಯಿ ಮಾತ್ರ ಎಸಳನ್ನು ಬೆರಳ ತುದಿಯಿಂದ ಆಚೆ ಈಚೆ ಸರಿಸುತ್ತಿದ್ದರು, ಎಲ್ಲೂ ಕೂರದ ತುಂಡೊಂದನ್ನು ಕೂರಿಸಲು ನೋಡುವವರ ಹಾಗೆ.

"ಹೊರಗೆ ಯಾರು?" ಎಂದರು ಅವರು.

ಬಾಗಿಲಲ್ಲಿ ಘರತ್ ಕಾಕಾ ನಿಂತಿದ್ದರು. ದವಾಖಾನೆಯವರು ಬಿಟ್ಟಿರಲಿಲ್ಲ, ಇವರೇ ಎದ್ದು ಬಂದಿದ್ದರು. ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಅಂಟಿಸಿದ ಮೊಣಕೈ ಮಡಿಸಿಕೊಂಡೇ ಇತ್ತು.

"ಎಲ್ಲ ಕೇಳಿಸ್ತು" ಎಂದರು.

ವಾಗ್ಳೆ ತಲೆ ತಗ್ಗಿಸಿದರು.

ಕಾಕಾರ ಗಂಟಲಿಂದ ಒಂದು ಸದ್ದು ಬಂತು. ಅಳು ಎಂದುಕೊಂಡು ನಾನು ಮುಂದೆ ಹೋದೆ. ಅಳುವಾಗಿರಲಿಲ್ಲ. ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಮನುಷ್ಯ.

"ಅಯ್ಯೋ ನನ್ನ ವಿಠೋಬಾ... ಸಾಹೇಬ್ರೇ, ನಾನು ಅಲ್ಲಿ ಹಾಸಿಗೆ ಮೇಲೆ ಬಿದ್ಕೊಂಡು, ಕುಂದಾಳ ಕನ್ಯಾದಾನಕ್ಕೆ ಅಲಿಬಾಗಿನ ತಮ್ಮನಿಗೆ ಮನಸ್ಸಲ್ಲೇ ಕಾಗದ ಬರೀತಿದ್ದೆ. ಒಕ್ಕಣೆ ಸಮೇತ. ನನ್ನ ಕರಿ ಕೋಟು ಅವನಿಗೆ ಬಿಗಿಯಾಗುತ್ತೆ, ಹೊಲಿಗೆ ಬಿಚ್ಚಿಸಬೇಕು ಅಂತಾನೂ ಬರ್ದಿದ್ದೆ."

ನನಗೆ ನಗು ತಡೆಯಲಿಲ್ಲ. ಬಾಯಿಯ ತುಟಿಯೂ ಸಡಿಲವಾಯಿತು. ವಾಗ್ಳೆ ಕೂಡ, ಒಪ್ಪಿಗೆ ಸಿಕ್ಕವರಂತೆ, ಸಣ್ಣಗೆ ನಕ್ಕರು. ಎಲ್ಲರ ನಗುವನ್ನೂ ಮುಚ್ಚಿಹಾಕಿ ಕಾಕಾ ನಗುತ್ತಿದ್ದರು.

"ಹಾಗಾದ್ರೆ ವಾಂತಿ?" ಎಂದೆ.

"ಶ್ರೀಖಂಡ ಕಣೋ ಹೇರಂಬ್ಯಾ. ಏಳು ಬಟ್ಟಲು ತಿಂದಿದ್ದೆ, ಬಾಯಿ ಎದುರಿಗೆ ಹೇಳೋದು ಹೇಗೆ?" ಕಣ್ಣೊರೆಸಿಕೊಂಡು ಎದೆಜೇಬಿಗೆ ಕೈ ಹಾಕಿದರು. "ಇದೇ ನನ್ನ ಕಾಯ್ತು ಅನ್ಸುತ್ತೆ. ಇಲ್ಲೇ, ನನ್ನ ಮೇಜಿನ ದೇವರಪಟದ ಮುಂದೆ ಇಟ್ಟಿದ್ದೆ. ಬೆಳಿಗ್ಗೆ ಫೋನು ಬಂದಾಗ ಹೆದರಿ ಇದನ್ನೇ ಜೇಬಿಗೆ ಹಾಕ್ಕೊಂಡೆ."

ಅವರ ಕೈಯಲ್ಲಿ ಬೆರಳುದ್ದದ ಗಾಜಿನ ಕೊಳವೆ. ಕುತ್ತಿಗೆಯಲ್ಲಿ ಜರಿದಾರ, ಒಣಗಿದ ಎಲೆ.

ನಾನು ಮೇಜಿನ ಮೇಲೆ ಮುರಿದು ಬಿದ್ದಿದ್ದ ಸ. ಘ. ಕಡೆ ನೋಡಿದೆ. ಮತ್ತೆ ಅವರ ಕೈ ನೋಡಿದೆ.

"ಕಾಕಾ" ಎಂದರು ಬಾಯಿ, ಬಹಳ ಮೆತ್ತಗೆ. "ಇದು ಎಲ್ಲಿಂದ ಬಂತು?"

"ವಾಗ್ಳೆ ಸಾಹೇಬ್ರು ಕೊಟ್ಟಿದ್ದಲ್ವಾ, ಗುರುವಾರ. ಜಗಳ ಎಲ್ಲ ಮರೆತು ಬಂಗಾರ ತಗೊಳ್ಳಿ ಕಾಕಾ ಅಂದ್ರು. ನನ್ನ ಹತ್ರ ಎಲೆ ಮುಗಿದಿತ್ತು. ಬಂಗಾರ ಕೊಟ್ಟವರಿಗೆ ಬರಿಗೈ ತೋರಿಸೋದಾ? ಹೇರಂಬ ನನಗೆ ಕೊಟ್ಟಿದ್ದನ್ನ ಅವರಿಗೆ ಕೊಟ್ಟೆ, ಇದನ್ನ ಜೇಬಿಗೆ ಹಾಕ್ಕೊಂಡು ಮಾಲೆ ಏರಿಸೋಕೆ ಒಳಗೆ ಹೋದೆ." ಅವರಿಗೆ ಮತ್ತೆ ನಗು ಉಕ್ಕಿತು. "ಆಗಲೂ ಒಳಗೊಳಗೇ ತಮಾಷೆ ನಡೆಸಿದ್ರು ನೋಡಿ ನಮ್ಮ ಸಾಹೇಬ್ರು."

ಬಾಯಿ ಕೈಚಾಚಿ ಕೊಳವೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ನಾನು ಇದ್ದಲ್ಲಿಂದಲೇ ನನ್ನ ಕೆತ್ತನೆ ಓದಿದೆ. ನಿ. ವಾ. ಗುರುವಾರ ಕಾಕಾರ ಎದೆಯ ಮೇಲೆ ಕೋಬಾಲ್ಟ್ ಕೋಣೆಗೆ ಹೋದದ್ದು ಸ. ಘ. ಅಲ್ಲ, ಇದು.

ವಾಗ್ಳೆಯ ನಗು ನಿಂತಿತ್ತು. ಅವರು ಬಾಗಿಲಿನ ಕಡೆ ನೋಡುತ್ತಿದ್ದರು.

"ಹೇರಂಬ" ಎಂದರು ಬಾಯಿ, ಕೊಳವೆಯಿಂದ ಕಣ್ಣು ತೆಗೆಯದೆ. "ಯಂತ್ರ ಆರಿಸಬೇಡ."

ಮೇಜಿನ ಮೇಲಿನ ಫೋನು ಬಡಿದುಕೊಳ್ಳತೊಡಗಿತು. ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಯಾರೂ ಕೈ ಚಾಚಲಿಲ್ಲ.

"ಎತ್ತೋ ಹೇರಂಬ್ಯಾ, ದವಾಖಾನೆಯವರೇ ಇರ್ಬೇಕು" ಎಂದರು ಘರತ್ ಕಾಕಾ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ. ಕೋಣೆಯಲ್ಲಿ ಈಗ ನಗುತ್ತಿದ್ದವರು ಅವರೊಬ್ಬರೇ, ಗಂಟೆಯ ಸದ್ದಿಗಿಂತ ಜೋರಾಗಿ. "ಎತ್ತಿ ಡಾಕ್ಟರಿಗೂ ಹೇಳು, ಏಳು ಬಟ್ಟಲು ಶ್ರೀಖಂಡ ಅಂತ."